ಸೇರುವುದು ಒಟ್ಟಿಗೆ, ಅಳತೆ ಅವರವರದ್ದು

(ಮೈಸೂರಿನ ಬಡಾವಣೆಯೊಂದರ ಉದ್ಯಾನದಲ್ಲಿ, ಬೆಳಗಿನ ನಡಿಗೆದಾರರ ಕೂಟಕ್ಕಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವ್ಯಾಯಾಮ ಒಳ್ಳೆಯದು ಅಂತ ಹೇಳುವುದಕ್ಕೆ ನಾನು ಬಂದಿಲ್ಲ. ಚಳಿಯಲ್ಲಿ ಮಂಕಿಕ್ಯಾಪು ಹಾಕಿಕೊಂಡು ಐದೂಮುಕ್ಕಾಲಿಗೇ ಇಲ್ಲಿ ಸೇರುವವರಿಗೆ ಅದನ್ನು ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ. ವರ್ಷಗಟ್ಟಲೆ ಅದೇ ಉದ್ಯಾನ, ಅದೇ ನಾಲ್ಕು ಸುತ್ತು, ಅದೇ ವೇಗ, ಅದೇ ಜೊತೆ. ಮೊದಲ ಕೆಲವು ತಿಂಗಳು ಸೊಂಟ ಸ್ವಲ್ಪ ಕರಗಿತು, ಏದುಸಿರು ಇಳಿಯಿತು, ನಿದ್ದೆ ಚೆನ್ನಾಗಿ ಬಂತು. ಆಮೇಲೆ ಏನಾಯಿತು? "ಒಂದು ದಿನಾನೂ ತಪ್ಪಿಸಲ್ಲ ಸಾರ್, ಆದರೂ ನೆಲದಿಂದ ಏಳುವಾಗ ಕೈ ಊರಲೇಬೇಕು" ಅಂತ ಇಲ್ಲಿ ಕೂತಿರುವ ಅರ್ಧ ಜನರಾದರೂ ಹೇಳಬಲ್ಲಿರಿ. ಶ್ರದ್ಧೆಯಲ್ಲಿ ಕೊರತೆ ಇಲ್ಲ. ಹಾಗಾದರೆ ಕೊರತೆ ಎಲ್ಲಿದೆ?

ನಾಲ್ಕು ಸುತ್ತಿಗೆ ದೇಹ ಒಗ್ಗಿಹೋಗಿದೆ, ಅಷ್ಟೆ. ನೀವು ಅದರಿಂದ ಕೇಳಿದ್ದು ನಾಲ್ಕು ಸುತ್ತು. ಅಷ್ಟಕ್ಕೆ ಎಷ್ಟು ಕಸುವು ಬೇಕೋ ಅಷ್ಟನ್ನು ಅದು ಕೊಟ್ಟಾಯಿತು. ಹೆಚ್ಚು ಕೇಳದೆ ಹೆಚ್ಚು ಕೊಡುವುದಿಲ್ಲ. ಒಬ್ಬಂಟಿಯಾಗಿ ಮಾಡುವವರಿಗೂ ಇದೇ ಗತಿ. ಆದರೆ ಗುಂಪಿನಲ್ಲಿ ಮಾಡುವವರಿಗೆ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಗುಂಪು ಚೆನ್ನಾಗಿ ನಡೆಯುತ್ತಲೇ ಇರುತ್ತದೆ. ಹಾಜರಿ ಚೆನ್ನಾಗಿದೆ, ಹರಟೆ ಚೆನ್ನಾಗಿದೆ, ವರ್ಷಕ್ಕೊಮ್ಮೆ ಪ್ರವಾಸವೂ ಆಗುತ್ತದೆ. ದೇಹ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಗುಂಪಿನ ಶಕ್ತಿಯನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಜಪಾನಿನಲ್ಲಿ 1928ರ ನವೆಂಬರಿನಿಂದ ರೇಡಿಯೊದಲ್ಲಿ ವ್ಯಾಯಾಮದ ಪಾಠ ಬರುತ್ತಿದೆ. ರಾಜಿಯೋ ತೈಸೋ ಅಂತ ಅದರ ಹೆಸರು. ಯುದ್ಧದ ನಂತರ ಸ್ವಲ್ಪ ಕಾಲ ನಿಂತಿತ್ತು, 1951ರಲ್ಲಿ ಹೊಸ ರೂಪದಲ್ಲಿ ಮತ್ತೆ ಶುರುವಾಯಿತು. ಬೆಳಗ್ಗೆ ಆರೂವರೆಗೆ ಪಿಯಾನೋ ನುಡಿಯುತ್ತದೆ, ಒಂದು ವರಸೆ ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳು ಕುತ್ತಿಗೆಗೆ ಹಾಜರಿ ಕಾರ್ಡು ನೇತುಹಾಕಿಕೊಂಡು ಮೈದಾನಕ್ಕೆ ಬರುತ್ತಾರೆ; ವ್ಯಾಯಾಮ ಮುಗಿದ ಮೇಲೆ ಹಿರಿಯರು ಅದಕ್ಕೆ ಮುದ್ರೆ ಒತ್ತುತ್ತಾರೆ. ಸುಮಾರು ನೂರು ವರ್ಷದಿಂದ ಒಂದು ದೇಶ ಇದನ್ನು ಬಿಟ್ಟಿಲ್ಲ ಅಂದರೆ ಅದರ ಗುಟ್ಟು ವ್ಯಾಯಾಮದ ಕಠಿಣತೆಯಲ್ಲಿಲ್ಲ. ಹೊತ್ತು ಗೊತ್ತಿದೆ, ಜಾಗ ಗೊತ್ತಿದೆ, ಅಲ್ಲಿ ಯಾರೋ ಕಾಯುತ್ತಿರುತ್ತಾರೆ. ಇದನ್ನು ಒಂಟಿಯಾಗಿ ಸಾಧಿಸಬಲ್ಲವರು ವಿರಳ. ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಎರಡನೇ ತಿಂಗಳಿಗೆ ಕಾಣೆಯಾದವರು ನಿಮ್ಮ ಬೀದಿಯಲ್ಲೇ ಇದ್ದಾರೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟು ಹಾಕುವ ಹುಡುಗರ ಮೇಲೆ ಒಂದು ಸ್ವಾರಸ್ಯದ ಪ್ರಯೋಗ ನಡೆದಿದೆ. ಒಳಾಂಗಣದ ಯಂತ್ರದ ಮೇಲೆ ಒಮ್ಮೆ ಒಬ್ಬೊಬ್ಬರೇ, ಇನ್ನೊಮ್ಮೆ ತಂಡವಾಗಿ ಲಯ ಸೇರಿಸಿ ಹುಟ್ಟು ಹಾಕಿದರು. ಎರಡು ಸಲವೂ ಶ್ರಮ ಒಂದೇ. ಮುಗಿದ ಮೇಲೆ ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು, ಎಷ್ಟು ನೋವು ತಡೆಯಬಲ್ಲರು ಅಂತ ಅಳೆದರು. ಒಟ್ಟಿಗೆ ಮಾಡಿದ ದಿನ ಆ ತಡೆಯುವ ಶಕ್ತಿ ಒಂಟಿಯಾಗಿ ಮಾಡಿದ ದಿನಕ್ಕಿಂತ ಚೆನ್ನಾಗಿ ಏರಿತ್ತು. ಮೆದುಳಿನಲ್ಲಿ ಹುಟ್ಟುವ, ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಇದಕ್ಕೆ ಕಾರಣ ಅಂತ ಸಂಶೋಧಕರ ಊಹೆ. ಭಜನೆಗೆ ಕೂತವರಿಗೆ, ಡೊಳ್ಳು ಕುಣಿತದ ತಂಡದವರಿಗೆ ಇದನ್ನು ಯಾರೂ ಪ್ರಯೋಗ ಮಾಡಿ ಹೇಳಬೇಕಿಲ್ಲ. ಜೊತೆಗೆ ಲಯ ಕೂಡಿದಾಗ ದಣಿವು ಕಾಣುವುದಿಲ್ಲ.

ಒಳ್ಳೆಯ ಸುದ್ದಿಯೇ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಿ. ನೋವು ಕಡಿಮೆ ತಿಳಿಯುತ್ತದೆ ಅಂದರೆ, ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಕಡಿಮೆ ತಿಳಿಯುತ್ತದೆ.

ರಥಸಪ್ತಮಿ ದಿನ ನಮ್ಮೂರಿನಲ್ಲಿ ಎಷ್ಟೊಂದು ಕಡೆ ಸಾಮೂಹಿಕವಾಗಿ 108 ಸೂರ್ಯನಮಸ್ಕಾರ ನಡೆಯುತ್ತದೆ. ದಿನಾ ಹನ್ನೆರಡು ಹಾಕುವವರು ಆವತ್ತು ಒಂದೇ ಏಟಿಗೆ ಒಂಬತ್ತು ಪಟ್ಟು ಹಾಕುತ್ತಾರೆ. ದಿನಾ ಒಂದೂ ಹಾಕದವರು ಕೂಡ ಮಂತ್ರದ ಲಯಕ್ಕೆ, ಪಕ್ಕದವರ ಹುರುಪಿಗೆ, ಮುಂದೆ ನಿಂತವರು ನೋಡುತ್ತಾರೆ ಅನ್ನುವ ಸಂಕೋಚಕ್ಕೆ ಅರವತ್ತು, ಎಪ್ಪತ್ತು ಹಾಕಿಬಿಡುತ್ತಾರೆ. ಆಗ ಏನೂ ಅನ್ನಿಸುವುದಿಲ್ಲ. ಮಾರನೆಯ ದಿನ, ಅದರ ಮಾರನೆಯ ದಿನ ಮೆಟ್ಟಿಲಿಳಿಯುವಾಗ ತೊಡೆ ಕೂಗುತ್ತದೆ, ತಲೆ ಬಾಚಲು ಕೈ ಏಳುವುದಿಲ್ಲ. ಆ ನೋವು 24ರಿಂದ 72 ಗಂಟೆಯೊಳಗೆ ತುದಿ ಮುಟ್ಟುವುದು ವಾಡಿಕೆ. ಶ್ರಮಪಟ್ಟಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡು ಹಾಗಾಗುತ್ತದೆ ಅನ್ನುವುದು ಹಳೆಯ ನಂಬಿಕೆ. ಆ ಆಸಿಡ್ ಗಂಟೆಯೊಂದರಲ್ಲೇ ಖಾಲಿಯಾಗಿರುತ್ತದೆ. ಒಗ್ಗದ ಸ್ನಾಯು ಭಾರವನ್ನು ತಡೆಯುತ್ತಾ ಉದ್ದವಾದಾಗ ಅದರ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ, ಅದರ ನೋವು ಇದು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ಕಾಡುತ್ತದೆ ಅಂತ ನೀವು ಹೇಳುತ್ತೀರಲ್ಲ, ಕಾರಣ ಅದೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಪ್ರತಿ ಮೆಟ್ಟಿಲಿಗೂ ಬ್ರೇಕು ಹಿಡಿಯುತ್ತಿರುತ್ತದೆ.

ಸಾಮಾನ್ಯವಾಗಿ ಇದು ನಾಲ್ಕೈದು ದಿನದಲ್ಲಿ ತಾನಾಗಿ ಹೋಗುತ್ತದೆ. ಅಪರೂಪಕ್ಕೆ ಹೋಗುವುದಿಲ್ಲ. ವಿಪರೀತ ಶ್ರಮದ ನಂತರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ. ಹರಿದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಸ್ಥಿತಿ ಅದು.

108ನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಹಾಕಬೇಕೆಂದಿದ್ದರೆ ದೀಪಾವಳಿಯಿಂದಲೇ ಶುರುಮಾಡಿ. ಈ ವಾರ ಹನ್ನೆರಡು, ಮುಂದಿನ ವಾರ ಹದಿನೈದು. ರಥಸಪ್ತಮಿ ಹೊತ್ತಿಗೆ ದೇಹಕ್ಕೆ ಅದು ಹೊಸ ಸುದ್ದಿ ಆಗಿರಬಾರದು.

ಈಗ ನಮ್ಮೂರಿನ ಹಳೆಯ ಗರಡಿ ಮನೆಗೆ ಬರೋಣ. ನನಗೆ ಇದರ ಬಗ್ಗೆ ಸ್ವಲ್ಪ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ.

ಗರಡಿಯಲ್ಲೂ ಒಂದು ಗುಂಪೇ ಸೇರುವುದು. ಆಂಜನೇಯನಿಗೆ ಕೈಮುಗಿದು ಎಲ್ಲರೂ ಒಂದೇ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಂಕಣಕ್ಕೆ, ಇಳಿಯುತ್ತಾರೆ. ಆದರೆ ಒಳಗೆ ಹೋಗಿ ನೋಡಿ. ಗೋಡೆಗೆ ಒರಗಿಸಿದ ಗದೆಗಳು ಒಂದೇ ತೂಕದವಲ್ಲ. ಕಲ್ಲುಗುಂಡುಗಳೂ ಒಂದೇ ಗಾತ್ರದವಲ್ಲ. ಹೊಸದಾಗಿ ಬಂದ ಹುಡುಗನ ಕೈಗೆ ಉಸ್ತಾದರು, ಅಂದರೆ ಗರಡಿಯ ಗುರುಗಳು, ಮೊದಲು ಕೊಡುವುದು ಸನಿಕೆ. ಮಟ್ಟಿ ಅಗೆ, ಮಣ್ಣು ಹದ ಮಾಡು. ಸೊಂಟ, ಬೆನ್ನು, ಭುಜ, ಮುಂಗೈ ಎಲ್ಲಕ್ಕೂ ಅದೇ ಮೊದಲ ಪಾಠ. ಆಮೇಲೆ ಎಣಿಸಿ ಕೊಟ್ಟಷ್ಟು ದಂಡ, ಎಣಿಸಿ ಕೊಟ್ಟಷ್ಟು ಬಸ್ಕಿ. ಪಕ್ಕದಲ್ಲಿ ಹಳೆಯ ಪೈಲ್ವಾನ ನೂರುಗಟ್ಟಲೆ ಹೊಡೆಯುತ್ತಿರಬಹುದು. ಹುಡುಗ ಹಾಗೆ ಹೊಡೆಯಲು ಹೋದರೆ ಉಸ್ತಾದರ ಬೈಗುಳ ತಿನ್ನುತ್ತಾನೆ. ಹಗುರ ಗದೆ ಸಲೀಸಾಗಿ ತಿರುಗಿದ ಮೇಲೆ ಅದಕ್ಕಿಂತ ಒಂದು ಕೈ ಭಾರದ್ದು. ದಸರಾ ನಾಡಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯಕ್ರಮ ಅಂತ ಪತ್ರಿಕೆಯಲ್ಲಿ ನೋಡಿರುತ್ತೀರಿ. ಮೈಕಟ್ಟು, ಅನುಭವ ತೂಗಿ ನೋಡಿ, ಸರಿಸಮಾನರನ್ನು ಎದುರುಬದುರು ನಿಲ್ಲಿಸುತ್ತಾರೆ. ಎಲ್ಲರೂ ಸೇರುವ ಜಾಗದಲ್ಲೂ ಅಳತೆ ಅವರವರದ್ದೇ ಅನ್ನುವುದು ಅಲ್ಲಿ ನೀತಿಯಾಗಿತ್ತು.

ಇದೇ ನೀತಿ ನಮ್ಮೂರಿನಿಂದ ಇನ್ನೊಂದು ದಾರಿಯಲ್ಲಿ ಜಗತ್ತಿಗೆಲ್ಲ ಹೋಗಿದೆ. ಗೋಕುಲಂ ಕಡೆ ಚಾಪೆ ಹೆಗಲಿಗೇರಿಸಿಕೊಂಡು ಓಡಾಡುವ ವಿದೇಶಿಯರನ್ನು ನೋಡಿರುತ್ತೀರಿ. ಅವರು ಕಲಿಯುವ ಅಷ್ಟಾಂಗ ಯೋಗದಲ್ಲಿ 'ಮೈಸೂರು ಶೈಲಿ' ಅಂದರೆ ಇಷ್ಟೆ: ಕೋಣೆ ಒಂದೇ, ಹೊತ್ತು ಒಂದೇ, ಆದರೆ ಮುಂದೆ ನಿಂತು "ಒಂದು, ಎರಡು" ಅನ್ನುವವರು ಯಾರೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಉಸಿರಿನ ಲೆಕ್ಕದಲ್ಲಿ, ತಾವು ಕಲಿತಷ್ಟು ಆಸನದವರೆಗೆ ಹೋಗಿ ನಿಲ್ಲಿಸುತ್ತಾರೆ. ಗುರು ಒಬ್ಬೊಬ್ಬರ ಹತ್ತಿರ ಬಂದು ತಿದ್ದುತ್ತಾರೆ. ಇದೇ ಊರಿನ ರೇಸ್‌ಕೋರ್ಸಿನಲ್ಲಿ 2017ರ ಯೋಗ ದಿನದಂದು 55,506 ಜನ ಒಟ್ಟಿಗೆ ಸೇರಿ ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಅದು ಹಬ್ಬ, ಹಬ್ಬವಾಗಿ ಚೆನ್ನ. ದಿನನಿತ್ಯದ ಅಭ್ಯಾಸಕ್ಕೆ ಆ ಕೋಣೆಯ ಕ್ರಮವೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸುತ್ತಿದ್ದರು. ಡಂಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನಡಿ ತಂದವರು ಅವರು. ಕಾದಂಬರಿಕಾರರಾಗಿ ಅವರನ್ನು ಬಲ್ಲವರು ಇಲ್ಲಿ ಹೆಚ್ಚಿರಬಹುದು. ಅಂಚೆಯ ಮೂಲಕ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು ಅನ್ನುವುದು ಎಷ್ಟು ಜನರಿಗೆ ಗೊತ್ತೋ. ಯೋಗವೋ ಜಿಮ್ಮೋ ಅಂತ ಇವತ್ತಿಗೂ ಜಗಳವಾಡುವವರಿಗೆ ಅವರ ಹೆಸರು ಹೇಳಿದರೆ ಸಾಕು. ಅದು ಸುಮ್ಮನೆ ಕಾಲಹರಣದ ಜಗಳ.

ಉಸ್ತಾದರು ಕಣ್ಣಳತೆಯಲ್ಲಿ ಮಾಡುತ್ತಿದ್ದುದನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಮುಖ್ಯರು ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್. ಎರಡನೇ ಮಹಾಯುದ್ಧದ ಹೊತ್ತಿಗೆ ಷಿಕಾಗೊದ ಸೇನಾ ಆಸ್ಪತ್ರೆಯಲ್ಲಿ ಮಂಡಿಗೆ ಪೆಟ್ಟು ಬಿದ್ದ ಸೈನಿಕರು ತುಂಬಿಹೋಗಿದ್ದರು. ಹಗುರ ತೂಕ, ಲೆಕ್ಕವಿಲ್ಲದಷ್ಟು ಸಲ ಎತ್ತು ಅನ್ನುವುದು ಆಗಿನ ರೂಢಿ. ಡಿಲಾರ್ಮ್ ಅದನ್ನು ತಿರುವುಮುರುವು ಮಾಡಿದರು. ಒಬ್ಬೊಬ್ಬ ಸೈನಿಕನೂ ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವ ಭಾರ ಯಾವುದು ಅಂತ ಮೊದಲು ಕಂಡುಕೊಂಡರು. ಮುಂದೆ ಇದು ಮೂರು ಸುತ್ತಿನ ಕ್ರಮವಾಯಿತು: ಆ ಭಾರದ ಅರ್ಧದಲ್ಲಿ ಹತ್ತು, ಮುಕ್ಕಾಲಿನಲ್ಲಿ ಹತ್ತು, ಪೂರ್ತಿಯಲ್ಲಿ ಹತ್ತು. ಶಕ್ತಿ ಬಂದಂತೆ ಭಾರ ಏರಬೇಕು. ಇವತ್ತು ಯಾವ ಜಿಮ್ಮಿಗೆ ಹೋದರೂ ಕೇಳುವ 'ತ್ರೀ ಸೆಟ್ಸ್ ಆಫ್ ಟೆನ್' ಆ ಆಸ್ಪತ್ರೆಯ ಕೂಸು. ಇದರಲ್ಲಿ ನಾನು ನಿಮಗೆ ತೋರಿಸಬೇಕೆಂದಿರುವುದು ಹತ್ತು ಅನ್ನುವ ಸಂಖ್ಯೆಯನ್ನಲ್ಲ. ಸೈನಿಕರೆಲ್ಲರಿಗೂ ಹತ್ತೇ, ಆದರೆ ಭಾರ ಒಬ್ಬೊಬ್ಬನದು ಒಂದೊಂದು.

ವಯಸ್ಸಾದ ಮೇಲೆ ಇದೆಲ್ಲ ಯಾಕೆ ಅನ್ನುತ್ತೀರಾ? ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಭಾರದ ತರಬೇತಿ ಕೊಟ್ಟರು. 1990ರಲ್ಲಿ ಅದರ ವರದಿ ಪ್ರಕಟವಾಯಿತು. ತೊಡೆಯ ಬಲ ಸರಾಸರಿ 174 ಶೇಕಡಾ ಹೆಚ್ಚಿತ್ತು. ಇಬ್ಬರು ಊರುಗೋಲು ಬಿಟ್ಟರು. ಅವರಿಗೆ ಕೊಟ್ಟದ್ದು ಗಾಳಿಯಲ್ಲಿ ಕೈ ಬೀಸುವ ವ್ಯಾಯಾಮವಲ್ಲ, ಅವರವರ ಮಟ್ಟಿಗೆ ನಿಜವಾಗಿ ಭಾರವೇ ಆದ ಭಾರ. ಮತ್ತು ಮೇಲ್ವಿಚಾರಣೆಯಲ್ಲಿ ಕೊಟ್ಟದ್ದು, ಅದನ್ನು ಮರೆಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು ಅನ್ನುತ್ತದೆ. ನಿಮ್ಮ ನಡಿಗೆ ಈ ಲೆಕ್ಕವನ್ನು ತುಂಬುತ್ತದೆ, ಬಿರುಸಾಗಿದ್ದರೆ. ಬಿರುಸೋ ಅಲ್ಲವೋ ಅಂತ ತಿಳಿಯಲು ಗಡಿಯಾರ ಬೇಡ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲೂ ಆಗುತ್ತಿದ್ದರೆ ಅದು ವಿಹಾರ. ವಿಹಾರಕ್ಕೂ ಬೆಲೆಯಿದೆ, ಲೆಕ್ಕ ಮಾತ್ರ ಬೇರೆ. ಅದೇ ಮಾರ್ಗಸೂಚಿಯ ಎರಡನೇ ಸಾಲನ್ನು ನಾವು ಓದುವುದೇ ಇಲ್ಲ. ವಾರಕ್ಕೆ ಎರಡು ದಿನವಾದರೂ ಮುಖ್ಯ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ. 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವೂ ಸೇರಬೇಕು. ನಡಿಗೆ ಕಾಲಿಗೆ ನಡಿಗೆಯನ್ನು ಕಲಿಸುತ್ತದೆ, ಹೃದಯಕ್ಕೆ ಒಳ್ಳೆಯದು ಮಾಡುತ್ತದೆ. ಅಕ್ಕಿ ಮೂಟೆ ಎತ್ತುವುದನ್ನಾಗಲಿ ಕಾಲು ಜಾರಿದಾಗ ಮೈ ಸಂಭಾಳಿಸುವುದನ್ನಾಗಲಿ ಅದು ಕಲಿಸುವುದಿಲ್ಲ. ದೇಹ ಮಾಡಿದ್ದನ್ನೇ ಕಲಿಯುತ್ತದೆ.

ಹತ್ತು ಸಾವಿರ ಹೆಜ್ಜೆಯ ವಿಷಯ ಬೇಗ ಮುಗಿಸುತ್ತೇನೆ. 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ 'ಹತ್ತು ಸಾವಿರ ಹೆಜ್ಜೆ ಮೀಟರ್' ಅಂತಿತ್ತು. ಸಂಖ್ಯೆ ಅಲ್ಲಿಂದ ಬಂದದ್ದು, ಪ್ರಯೋಗಾಲಯದಿಂದಲ್ಲ. 2019ರ ಒಂದು ಅಧ್ಯಯನದಲ್ಲಿ, ಸರಾಸರಿ 72 ವಯಸ್ಸಿನ ಮಹಿಳೆಯರಿಗೆ ಸುಮಾರು 7,500 ಹೆಜ್ಜೆಯ ನಂತರ ಹೆಚ್ಚುವರಿ ಲಾಭ ಕಾಣಲಿಲ್ಲ. ಆದ್ದರಿಂದ ರಾತ್ರಿ ಹತ್ತು ಗಂಟೆಗೆ ನಡುಮನೆಯಲ್ಲಿ ಸುತ್ತಿ ಸುತ್ತಿ ಫೋನಿಗೆ ಲೆಕ್ಕ ಒಪ್ಪಿಸುವುದನ್ನು ಬಿಟ್ಟು ಮಲಗಿ.

ಹಾಗಂತ ಬೆಳಗಿನ ಒಂದು ಗಂಟೆ ಮುಗಿಸಿ ಉಳಿದ ದಿನವೆಲ್ಲ ಸೋಫಾದಲ್ಲಿ ಕೂತರೂ ನಡೆಯುವುದಿಲ್ಲ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಲೆಕ್ಕ ತೆಗೆದರು. ದಿನವಿಡೀ ಕೂತೇ ಇರುವ ಡ್ರೈವರುಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಮಾರಿಸ್ ತಾವು ಕಂಡುಕೊಂಡದ್ದನ್ನು ತಾವೇ ಪಾಲಿಸಿ 99 ವರ್ಷ ಬದುಕಿದರು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಓಡಾಡಿದರೆ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. 10 ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹ ಇರುವ ನಮ್ಮ ದೇಶದಲ್ಲಿ ಇದನ್ನು ಮಾತ್ರೆಯ ಚೀಟಿಯಲ್ಲೇ ಬರೆದುಕೊಟ್ಟರೂ ತಪ್ಪಿಲ್ಲ.

ಬಿಡುವಿನ ಬಗ್ಗೆ ಎರಡು ಮಾತು. ಕಸುವು ಬ್ಯಾಂಕಿನ ಎಫ್‌ಡಿ ಅಲ್ಲ, ಇಟ್ಟಲ್ಲಿ ಇರುವುದಿಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಇಪ್ಪತ್ತು ವರ್ಷದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಆಮ್ಲಜನಕ ಬಳಸುವ ಅವರ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ಕೂಡ ಆ ಮೂರು ವಾರದಷ್ಟು ನಷ್ಟ ಮಾಡಿರಲಿಲ್ಲ. ಸ್ವಾರಸ್ಯವೆಂದರೆ, ಐವತ್ತರ ವಯಸ್ಸಿನಲ್ಲಿ ಆರು ತಿಂಗಳು ನಿಧಾನವಾಗಿ ತರಬೇತಿ ಕೊಟ್ಟಾಗ ವಯಸ್ಸು ಕಸಿದದ್ದು ವಾಪಸ್ಸು ಬಂತು.

ಹಾಗಾಗಿ ಚಿಕೂನ್‌ಗುನ್ಯ ಬಂದು ಮಲಗಿ ಎದ್ದವರು, ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿ ಆರು ತಿಂಗಳ ಮೇಲೆ ಬಂದವರು ಮೊದಲ ದಿನವೇ ಹಳೆಯ ಬಿರುಸಿಗೆ ಹೋಗಬೇಡಿ. ಅರ್ಧದಿಂದ ಶುರುಮಾಡಿ. ಗುಂಪಿನವರೂ ಅಷ್ಟೆ. "ಏನ್ರೀ, ಎರಡೇ ಸುತ್ತಿಗೆ ಸುಸ್ತಾ?" ಅನ್ನುವ ತಮಾಷೆ ಎಷ್ಟು ಮಂದಿಯನ್ನು ಮನೆಯಲ್ಲೇ ಕೂರಿಸಿದೆಯೋ.

ಈಗ ನಿಮ್ಮ ಕೂಟಕ್ಕೆ ನನ್ನ ಸಲಹೆ. ವಾರದಲ್ಲಿ ಎರಡು ದಿನ, ಸೋಮವಾರ ಗುರುವಾರ ಅಂತಿಟ್ಟುಕೊಳ್ಳಿ, ಎರಡು ಸುತ್ತು ನಡಿಗೆ ಕಡಿಮೆ ಮಾಡಿ ಇಪ್ಪತ್ತೈದು ನಿಮಿಷ ಬಲಕ್ಕೆ ಕೊಡಿ. ಸಲಕರಣೆ ಬೇಡ. ಕುರ್ಚಿಯಿಂದ ಎದ್ದು ಕೂರುವುದು: ಮೊದಲು ಕೈ ಊರಿ, ಆಮೇಲೆ ಕೈ ಕಟ್ಟಿ, ಆಮೇಲೆ ಬೆನ್ನಿಗೊಂದು ಚೀಲ ಹಾಕಿಕೊಂಡು, ಕುರ್ಚಿಯೇ ಬೇಡವಾದಾಗ ಅದು ಬಸ್ಕಿ. ದಂಡವೂ ಹೀಗೆಯೇ. ಗೋಡೆಗೆ ಕೈ ಕೊಟ್ಟು ತಳ್ಳುವುದರಿಂದ ಹಿಡಿದು ಕಲ್ಲುಬೆಂಚಿನ ಅಂಚು, ಕೊನೆಗೆ ನೆಲ. ಎರಡೂ ಕೈಯಲ್ಲಿ ನೀರು ತುಂಬಿದ ಐದು ಲೀಟರಿನ ಕ್ಯಾನು ಹಿಡಿದು ಬೆನ್ನು ನೆಟ್ಟಗಿಟ್ಟು ನಡೆಯುವುದು. ಹಿಡಿತಕ್ಕೂ ಸೊಂಟಕ್ಕೂ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಯಾರೂ ಮಾಡುವುದೂ ಇಲ್ಲ. ಕಟ್ಟೆಯ ಮೇಲೆ ಹತ್ತಿ ಇಳಿಯುವುದು. ಕಡೆಗೆ ಒಂಟಿಕಾಲಿನಲ್ಲಿ ನಿಲ್ಲುವುದು, ಹತ್ತಿರದಲ್ಲಿ ಹಿಡಿಯಲು ಏನಾದರೂ ಇಟ್ಟುಕೊಂಡು. ಬ್ರೆಜಿಲ್ಲಿನಲ್ಲಿ 51ರಿಂದ 75 ವಯಸ್ಸಿನ 1,702 ಜನರನ್ನು ಗಮನಿಸಿದ ಅಧ್ಯಯನ 2022ರಲ್ಲಿ ಬಂತು. ಒಂಟಿಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲಲಾಗದವರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸಾವಿನ ಸಂಭವ ಹೆಚ್ಚಿತ್ತು. ಕಾಲು ನಿಲ್ಲದಿರುವುದೇ ಸಾವಿಗೆ ಕಾರಣ ಅಂತ ಅರ್ಥವಲ್ಲ. ಮೈಯ ಒಟ್ಟು ಸ್ಥಿತಿಯ ಸುಳಿವು ಅದರಲ್ಲಿದೆ ಅಂತ. ನೀವೀಗಲೇ ಎದ್ದು ಪರೀಕ್ಷೆ ಮಾಡಿಕೊಳ್ಳಬೇಡಿ, ಒಬ್ಬರ ಮೇಲೊಬ್ಬರು ಬೀಳುತ್ತೀರಿ. (ನಗು.)

ಇದನ್ನೆಲ್ಲ ಮಾಡಿಸುವಾಗ ಒಂದೇ ಒಂದು ಬದಲಾವಣೆ ಕೇಳುತ್ತೇನೆ: ಮುಂದೆ ನಿಂತು ಗಟ್ಟಿಯಾಗಿ ಎಣಿಸುವುದನ್ನು ನಿಲ್ಲಿಸಿ. ಎಣಿಕೆ ಎಲ್ಲರದ್ದೂ ಒಂದಾದ ಕೂಡಲೇ ಕೆಲವರಿಗೆ ಅತಿಯಾಗುತ್ತದೆ, ಕೆಲವರಿಗೆ ಸಾಲದೇ ಹೋಗುತ್ತದೆ. ಬದಲಿಗೆ ಶಿಳ್ಳೆ ಊದಿ. ನಲವತ್ತು ಸೆಕೆಂಡು ಕೆಲಸ, ಮತ್ತೆ ಶಿಳ್ಳೆ, ನಲವತ್ತು ಸೆಕೆಂಡು ಬಿಡುವು. ಆ ಹೊತ್ತಿನಲ್ಲಿ ಒಬ್ಬರು ಆರು ಸಲ ಏಳಲಿ, ಇನ್ನೊಬ್ಬರು ಇಪ್ಪತ್ತು ಸಲ ಏಳಲಿ. ಶುರುವೂ ಒಟ್ಟಿಗೆ, ಮುಗಿಯುವುದೂ ಒಟ್ಟಿಗೆ, ಯಾರೂ ಹಿಂದೆ ಬಿದ್ದಂತೆ ಕಾಣುವುದಿಲ್ಲ. "ಇನ್ನೆರಡು ಮಾಡಬಹುದಿತ್ತು" ಅನ್ನಿಸುವಾಗ ನಿಲ್ಲಿಸಿ. ಎರಡು ವಾರ ಸಲೀಸಾಗಿ ಆದರೆ ಮುಂದಿನ ಹಂತಕ್ಕೆ ಹೋಗಿ. ಮತ್ತೆ ಗರಡಿಯವರ ಹಾಗೆ ಜೋಡಿ ಕಟ್ಟಿ. ಹೆಚ್ಚುಕಡಿಮೆ ಒಂದೇ ಮಟ್ಟದ ಇಬ್ಬಿಬ್ಬರು. ಒಬ್ಬರು ಮಾಡುವಾಗ ಇನ್ನೊಬ್ಬರು ಬೆನ್ನು ಬಾಗಿತೋ, ಉಸಿರು ಕಟ್ಟಿತೋ ನೋಡಲಿ.

ಇಲ್ಲಿ ಹೆಂಗಸರ ಸಂಖ್ಯೆ ಕಡಿಮೆ ಇರುವುದು ಕಾಣುತ್ತಿದೆ. 2024ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಸೋಮಾರಿತನ ಕಾರಣವಲ್ಲ. ಬೆಳಗ್ಗೆ ಆರು ಗಂಟೆಗೆ ಕುಕ್ಕರು ಇಡುವವರು ಯಾರು, ಡಬ್ಬಿ ಕಟ್ಟುವವರು ಯಾರು? ಈ ಕೂಟದ ಹೊತ್ತನ್ನು ಗೊತ್ತುಮಾಡಿದವರು ಗಂಡಸರು, ಅದಕ್ಕೇ ಗಂಡಸರು ಹೆಚ್ಚು ಬರುತ್ತಾರೆ. ಹತ್ತೂವರೆಗೋ ಸಂಜೆ ಐದಕ್ಕೋ ಇನ್ನೊಂದು ಪಾಳಿ ಇಟ್ಟು ನೋಡಿ. ಮನೆಗೆಲಸವೇ ವ್ಯಾಯಾಮ ಅಂತ ಸಮಾಧಾನ ಹೇಳುವವರಿಗೆ ಒಂದು ಮಾತು: ಅದರಲ್ಲಿ ದಣಿವಿದೆ, ಆದರೆ ಭಾರ ಏರುವ ಕ್ರಮವೂ ಇಲ್ಲ, ಬಿಡುವಿನ ದಿನವೂ ಇಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡಿಗೆ ಮುಗಿಸಿ ಹೋಟೆಲಿನಲ್ಲಿ ಬೆಣ್ಣೆ ಮಸಾಲೆ ತಿಂದು ಬರುವ ಉಪಸಮಿತಿಯೊಂದು ಇಲ್ಲೂ ಇದೆಯಂತೆ. ವಾರಕ್ಕೊಂದು ಸಲ ನನ್ನ ತಕರಾರಿಲ್ಲ, ದಿನಾ ಆದರೆ ಲೆಕ್ಕ ಕೂಡಿಬರುವುದಿಲ್ಲ. ಸ್ನಾಯು ಬೆಳೆಯಲು ಪ್ರೋಟೀನು ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಅಷ್ಟೇ ಇರುವುದು, ಮುದ್ದೆಯೊಂದರಿಂದಲೇ ಆಗದು. ಬರೀ ತಿಳಿಸಾರಿನ ಬದಲು ಹುರುಳಿಕಾಳೋ ಅವರೆಕಾಳೋ ಮೊಟ್ಟೆಯೋ ಮೀನೋ ಜೊತೆಗಿರಲಿ, ಒಂದು ಲೋಟ ಮಜ್ಜಿಗೆ ಇರಲಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಪ್ರಶ್ನೆಗಳಿದ್ದರೆ ಕೇಳಿ.

*ಮಂಡಿ ಸವೆದಿದೆ ಅಂತ ಡಾಕ್ಟರು ಹೇಳಿದ್ದಾರೆ. ಬಸ್ಕಿ ಹೊಡೆಯಬಹುದೇ?*

ಸವೆತ ಇದ್ದರೂ ತೊಡೆಯ ಬಲ ಹೆಚ್ಚಿದರೆ ನೋವು ಕಡಿಮೆಯಾಗುವವರೇ ಹೆಚ್ಚು. ಚಿಕಿತ್ಸೆಯ ಭಾಗವಾಗಿಯೇ ವ್ಯಾಯಾಮ ಹೇಳುತ್ತಾರೆ. ಪೂರ್ತಿ ಬಸ್ಕಿಯಿಂದ ಶುರು ಬೇಡ. ಎತ್ತರದ ಕುರ್ಚಿ ಹಾಕಿಕೊಳ್ಳಿ, ನೋವು ಜಾಸ್ತಿಯಾಗದಷ್ಟು ಮಾತ್ರ ಕೆಳಗೆ ಹೋಗಿ. ಮಾಡುವಾಗ ಸ್ವಲ್ಪ ನೋವು ತಿಳಿದರೆ ಪರವಾಗಿಲ್ಲ. ಮಾರನೆಯ ದಿನಕ್ಕೂ ನೋವು ಉಳಿದರೆ, ಮಂಡಿ ಊದಿದರೆ, ಅಷ್ಟು ಜಾಸ್ತಿಯಾಯಿತು ಅಂತ ತಿಳಿದು ಇಳಿಸಿ. ಬೆಟ್ಟ ಹತ್ತುವ ಆಸೆ ಇದ್ದರೆ ಮೆಟ್ಟಿಲಲ್ಲಿ ಹತ್ತಿ, ಬಸ್ಸಿನಲ್ಲಿ ಇಳಿಯಿರಿ.

*ಬಿಪಿ, ಶುಗರ್ ಎರಡೂ ಇವೆ. ಭಾರ ಎತ್ತಬಹುದೇ?*

ಹತೋಟಿಯಲ್ಲಿದ್ದರೆ, ವೈದ್ಯರು ಬೇಡ ಅನ್ನದಿದ್ದರೆ, ಎತ್ತಬಹುದು. ಉಸಿರು ಕಟ್ಟಿ ತಿಣುಕಬೇಡಿ, ಆಗ ಬಿಪಿ ಒಮ್ಮೆಲೇ ಏರುತ್ತದೆ. ಎತ್ತುವಾಗ ಉಸಿರು ಬಿಡಿ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಎದೆ ಒತ್ತಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ಎಂದಿಲ್ಲದ ಏದುಸಿರು ಬಂದರೆ ಗ್ಯಾಸ್ಟ್ರಿಕ್ ಅಂತ ನಿಮಗೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

*ಎಷ್ಟು ದಿನ ಮಾಡಿದರೆ ಅಭ್ಯಾಸವಾಗುತ್ತದೆ? ಇಪ್ಪತ್ತೊಂದು ದಿನ ಅನ್ನುತ್ತಾರೆ.*

ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದ ಅಧ್ಯಯನವೊಂದಿದೆ. ಅವರಲ್ಲಿ ಲೆಕ್ಕಕ್ಕೆ ಸರಿಯಾಗಿ ಸಿಕ್ಕವರ ಪೈಕಿ ಅರ್ಧ ಜನಕ್ಕೆ 66 ದಿನದೊಳಗೆ, ಉಳಿದರ್ಧಕ್ಕೆ ಅದಕ್ಕಿಂತ ಹೆಚ್ಚು. ಕೆಲವರಿಗೆ 18 ದಿನವೇ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅಂತ ಲೆಕ್ಕ ಬಂತು. ಅಲ್ಲೂ ಅಳತೆ ಅವರವರದ್ದೇ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಅನ್ನುವುದನ್ನೂ ಅವರು ಕಂಡಿದ್ದಾರೆ. ಆದ್ದರಿಂದ ತಪ್ಪಿಸಿದವರಿಗೆ ದಂಡ ಹಾಕುವ ಯೋಚನೆ ಇದ್ದರೆ ಕೈಬಿಡಿ.

*ಯಾವಾಗಿಂದ ಶುರು ಮಾಡೋಣ? ಸಂಕ್ರಾಂತಿ ಆದಮೇಲೆ?*

ಬರುವ ಸೋಮವಾರ. ಯಾರು ಯಾರು ಕುರ್ಚಿ ತರುತ್ತೀರಿ ಅಂತ ಕಾರ್ಯದರ್ಶಿಗಳು ಈಗಲೇ ಬರೆದುಕೊಳ್ಳಲಿ. ಕಬ್ಬಿಣದ್ದೋ ಮರದ್ದೋ ತನ್ನಿ, ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ಕಿನದು ಬೇಡ, ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಜಾರುತ್ತದೆ.